ಕ್ಯಾಲೆಂಡರಿನಲ್ಲಿ ಬರೆದ ರೊಟ್ಟಿಗಳು

ನನ್ನ ಬಲಗೈಯ ಕಿರುಬೆರಳು, ಅದರ ಪಕ್ಕದ ಉಂಗುರ ಬೆರಳು ಎರಡೂ ಇನ್ನು ನೆಟ್ಟಗಾಗುವುದಿಲ್ಲ. ಹಾಗಂತ ಡಾಕ್ಟರೇ ಹೇಳಿದ್ದಾರೆ, ಮುಚ್ಚುಮರೆ ಮಾಡಿಲ್ಲ. ಬೆರಳು ಬಾಗಿದ್ದು ಸಂಧಿವಾತದಿಂದ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ಅರ್ಧ ನಿಜ. ಇನ್ನರ್ಧ, ಅವು ಬಾಗಿದ್ದು ಒಂದು ಹಾಳೆಯಿಂದ. ಆ ಹಾಳೆಯಲ್ಲಿ ನನ್ನ ಬಗ್ಗೆ ಇಪ್ಪತ್ತು ಪ್ರಶ್ನೆಗಳಿದ್ದವು. ಇಪ್ಪತ್ತಕ್ಕೂ ಉತ್ತರ ಕೊಟ್ಟವಳು ನಾನಲ್ಲ.

ನಾನು ತಿಕೋಟಾದವಳು. ಅಂದರೆ ಮದುವೆಯಾಗಿ ಬಂದ ಊರು. ನಮ್ಮ ಯಜಮಾನರದ್ದು ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಓಣಿಯಲ್ಲಿ ನೀರೆತ್ತುವ ಮೋಟಾರಿನ ಸಾಮಾನಿನ ಅಂಗಡಿ. ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗುತ್ತಾರೆ. ಮನೆಯಲ್ಲಿ ನಾನು, ನಮ್ಮ ಅತ್ತೆ. ಒಬ್ಬಳೇ ಮಗಳು ಅಶ್ವಿನಿ, ಬಬಲೇಶ್ವರಕ್ಕೆ ಕೊಟ್ಟಿದ್ದೇವೆ. ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಹದಿನಾಲ್ಕು ರೊಟ್ಟಿ ಬಡಿಯುತ್ತ ಬಂದವಳು ನಾನು. ಮನೆಯ ಮೂವರಿಗೆ, ಮೇಲೆ ಅಂಗಡಿಯ ಇಬ್ಬರು ಮೆಕ್ಯಾನಿಕ್‌ಗಳ ಡಬ್ಬಿಗೆ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಮುಂದಿನದೆಲ್ಲ ಈ ಹದಿನಾಲ್ಕರ ಮೇಲೇ ನಿಂತಿರುವುದರಿಂದ ಹೇಳುತ್ತಿದ್ದೇನೆ.

ನನ್ನ ಕಾಯಿಲೆಯನ್ನು ಮೊದಲು ಗುರುತಿಸಿದವರು ಯಾವ ಡಾಕ್ಟರೂ ಅಲ್ಲ, ನಮ್ಮ ಅತ್ತೆ. ಅವರಿಗೆ ಕಣ್ಣು ಮಂಜು. ಆದರೆ ಪಡಸಾಲೆಯಲ್ಲಿ ಕೂತು ಅಡುಗೆಮನೆಯ ಸಪ್ಪಳದಿಂದಲೇ ಎಲ್ಲ ತಿಳಿಯುತ್ತಾರೆ. ಜೋಳದ ರೊಟ್ಟಿಗೆ ಒಂದು ತಾಳ ಇರುತ್ತದೆ. ಅಂಗೈ ಬೀಳಬೇಕು, ಬಿದ್ದ ಕೂಡಲೇ ಹಿಟ್ಟು ತಿರುಗಬೇಕು. ಒಂದು ದಿನ ಬೆಳಿಗ್ಗೆ ಅಲ್ಲಿಂದಲೇ ಕೂಗಿದರು.

“ಏನಬೇ ಸುವರ್ಣಾ, ರೊಟ್ಟಿ ಬಡ್ಯಾಕತ್ತಿಯೋ, ಬೆಕ್ಕಿನ ಬೆನ್ನ ಸವರಾಕತ್ತಿಯೋ?”

ನಗು ಬಂತು. ನಕ್ಕು ಮುಗಿಸಿ ಕೈ ನೋಡಿಕೊಂಡೆ. ಬೆರಳಿನ ಗೆಣ್ಣುಗಳು ಊದಿ ಮೆತ್ತಗಾಗಿದ್ದವು. ಹಿಂದಿನ ವಾರದಿಂದಲೂ ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿದರೆ ಸಡಿಲವಾಗುತ್ತದೆ ಎಂದು ಎಸರಿನ ನೀರಿಗೇ ಬೆರಳು ಅದ್ದಿ ಸುಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಲು ಅದರಲ್ಲೇನಿದೆ? ವಯಸ್ಸಾಯಿತು, ತಂಪು ಹವಾ, ನೀರು ಜಾಸ್ತಿ ಮುಟ್ಟಿದೆ. ಇಂಥ ಕಾರಣಗಳಿಗೆ ನಮ್ಮಲ್ಲಿ ಬರವಿಲ್ಲ.

ಅಶ್ವಿನಿ ಬಬಲೇಶ್ವರದಿಂದ ಎಣ್ಣೆ ತಂದಳು. ಬೀಗಿತ್ತಿ ಯಾವುದೋ ಸೊಪ್ಪಿನ ಪಟ್ಟು ಹೇಳಿಕಳಿಸಿದರು. ಊರಿನ ಡಾಕ್ಟರು ನೋವಿನ ಗುಳಿಗೆ ಕೊಟ್ಟರು, ಹೊಟ್ಟೆ ಉರಿಯಿತು, ಬೆರಳಿಗೇನೂ ಆಗಲಿಲ್ಲ. ಹೀಗೆ ಎಂಟು ತಿಂಗಳು ಕಳೆದು, ಮೊಣಕಾಲಿಗೂ ಬಂದ ಮೇಲೆ, ವಿಜಯಪುರದ ಒಂದು ಆಸ್ಪತ್ರೆಗೆ ಹೋದೆವು. ಆಸ್ಪತ್ರೆಯ ಹೆಸರು ಬೇಡ. ಅಲ್ಲಿನ ಜನ ಕೆಟ್ಟವರಲ್ಲ.

ಅಲ್ಲಿ ಕಾಯುವ ಕೋಣೆಯಲ್ಲಿ ಹಸಿರು ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು, ಒಂದಕ್ಕೊಂದು ಕಬ್ಬಿಣದ ಪಟ್ಟಿಯಿಂದ ಜೋಡಿಸಿದ್ದವು. ಯಾರಾದರೂ ಎದ್ದರೆ ಇಡೀ ಸಾಲು ಅಲುಗುತ್ತದೆ, ಅಲುಗಿದರೆ ಕೀಲು ನೋವಿನವರೆಲ್ಲ ಒಟ್ಟಿಗೆ “ಹಾ” ಅನ್ನುತ್ತಾರೆ. ಕೀಲು ನೋವಿನವರ ವಿಭಾಗಕ್ಕೆ ಇಂಥ ಕುರ್ಚಿ ಹಾಕಿದವರು ಯಾರೋ! ನನ್ನ ಎದುರಿನ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳೇ. ಅವಳ ಎರಡೂ ಕೈಯ ಬೆರಳು ಹೊರಗಡೆಗೆ ವಾಲಿದ್ದವು, ಗಾಳಿಗೆ ಜೋಳದ ಗರಿ ಒಂದೇ ಕಡೆ ವಾಲುವ ಹಾಗೆ. ಅವಳ ಮಗಳು ಚಹಾದ ಕಪ್ಪನ್ನು ಅವಳ ತುಟಿಗೆ ಹಿಡಿದಿದ್ದಳು. ನಾನು ನನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಆ ಹೊತ್ತು ಹುಟ್ಟಿದ ಹೆದರಿಕೆ ಇಂದಿಗೂ ಪೂರ್ತಿ ಹೋಗಿಲ್ಲ.

ಒಳಗೆ ಡಾಕ್ಟರ್ ವೀಣಾ ನನ್ನ ಒಂದೊಂದೇ ಗೆಣ್ಣು ಒತ್ತಿ ನೋಡಿದರು. ಚಿಕ್ಕ ವಯಸ್ಸು, ನಮ್ಮ ಕಡೆಯ ಮಾತೇ.

“ಇದು ಹೋಗೂ ರೋಗಲ್ರಿ ಅಕ್ಕಾರ. ಆದ್ರ ಹಿಡಿದಿಡಾಕ ಬರ್ತದ. ಗುಳಿಗಿ ವಾರಕ್ಕ ಒಂದ ದಿನ. ಯಾವ ದಿನ ಅಂತ ನೀವ ಹೇಳ್ರಿ.”

ಸೋಮವಾರ ಉಪವಾಸ, ಶುಕ್ರವಾರ ಮನೆ ಸಾರಿಸುವುದಿರುತ್ತದೆ ಎಂದು ಲೆಕ್ಕ ಹಾಕಿ ಗುರುವಾರ ಎಂದೆ. ಲೆಕ್ಕ ತಪ್ಪಿತು. ಗುರುವಾರ ಗುಳಿಗೆ ನುಂಗಿದರೆ ಶುಕ್ರವಾರವೇ ಹೊಟ್ಟೆ ತೊಳೆಸುವುದು ಎಂದು ಆಗ ಗೊತ್ತಿರಲಿಲ್ಲ. ಅಂದಿನಿಂದ ಶುಕ್ರವಾರದ ಸಾರಣೆ ಶನಿವಾರಕ್ಕೆ ಹೋಯಿತು. ನಮ್ಮ ಅತ್ತೆ, “ಲಕ್ಷ್ಮಿಗೆ ಒಂದ ದಿನ ತಡಾ ಆದ್ರ ಸಿಟ್ಟೇನ ಬರೂದಿಲ್ಲ ಬಿಡು, ಅಕಿಗೂ ಕೈಕಾಲು ಅದಾವ” ಅಂದುಬಿಟ್ಟರು. ನಲವತ್ತು ವರ್ಷ ಶುಕ್ರವಾರ ತಪ್ಪಿಸದ ಹೆಂಗಸು! ಅಂಥ ಸಣ್ಣ ಸಣ್ಣ ದಯೆಗಳ ಮೇಲೆಯೇ ಆ ವರ್ಷ ಕಳೆಯಿತು.

ಡಾಕ್ಟರ್ ವೀಣಾ ಇನ್ನೊಂದು ಮಾತು ಹೇಳಿದ್ದರು. “ದಿನಾ ಹ್ಯಾಂಗ ಇರತದ ಅಂತ ಗುರ್ತ ಇಟ್ಕೊರಿ.” ನೋವನ್ನು ಗುರುತು ಇಡುವುದು ಹೇಗೆ? ಅದಕ್ಕೆ ಸೇರಿಲ್ಲ, ಪಾವಿಲ್ಲ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ದೊಡ್ಡ ಅಂಕಿಗಳ ಕ್ಯಾಲೆಂಡರ್ ಇದೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಅತ್ತೆಯ ಬಿಪಿ ಗುಳಿಗೆ ತಂದ ದಿನ ಎಲ್ಲ ಅದರ ಮೇಲೇ ಬರೆಯುವುದು ನನ್ನ ರೂಢಿ. ಅಂದಿನಿಂದ ಪ್ರತಿ ತಾರೀಖಿನ ಮೂಲೆಯಲ್ಲಿ ಅವತ್ತು ಎಷ್ಟು ರೊಟ್ಟಿ ಬಡಿದೆ ಎಂದು ಬರೆಯತೊಡಗಿದೆ. ಮೊದಲ ದಿನ ಐದು. ಉಳಿದವನ್ನು ಅತ್ತೆ ಎದ್ದುಬಂದು, ಮಂಜುಗಣ್ಣಿನಲ್ಲೇ, ಬರೀ ಅಂಗೈ ಅಂದಾಜಿನಿಂದ ಬಡಿದರು. ತಿಂಗಳು ಕಳೆದಂತೆ ಆರು, ಎಂಟು, ಹನ್ನೊಂದು ಆಯಿತು. ಒಂದು ದಿನ ಹದಿಮೂರು. ಅವತ್ತು ಅಂಕಿಯ ಸುತ್ತ ಅರಿಶಿನದ ಬೆರಳಿನಿಂದ ಒಂದು ಗೋಲ ಎಳೆದೆ.

ಇನ್ನು ಹಾಳೆಯ ವಿಷಯ.

ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋದಾಗ ಒಂದು ಹಾಳೆ ಕೊಡುತ್ತಿದ್ದರು. ರೋಗಿಯೇ ತನ್ನ ಸ್ಥಿತಿ ತಿಳಿಸುವ ಹಾಳೆ ಅದು. ರಕ್ತ ಪರೀಕ್ಷೆಯಲ್ಲಿ ಕಾಣದ್ದು ಇದರಲ್ಲಿ ಕಾಣಬೇಕು ಎಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶ. ಕೌಂಟರಿನ ಸಿಸ್ಟರು ಒಂದೊಂದೇ ಪ್ರಶ್ನೆ ಓದುವರು, ನಮ್ಮ ಯಜಮಾನರು ಪೆನ್ನು ಹಿಡಿದು ಗುರುತು ಹಾಕುವರು. ನಾನು ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿರುತ್ತಿದ್ದೆ. ಆ ಹದಿಮೂರು ರೊಟ್ಟಿಯ ದಿನದ ನಂತರದ ತಪಾಸಣೆಯಲ್ಲೂ ಹಾಗೇ ಆಯಿತು.

“ಅಂಗಿ ಗುಂಡಿ ಹಾಕ್ಕೊಳಾಕ ಬರ್ತದೇನ್ರಿ?”

“ಅಕಿ ಅಂಗಿ ಎಲ್ಲಿ ಹಾಕ್ಕೊಂತಾಳ್ರಿ, ಸೀರಿ ಉಡ್ತಾಳ. ಹೌದು ಅಂತ ಹಾಕ್ತೀನಿ.”

“ತುಂಬಿದ ಲೋಟ ಬಾಯಿ ತನಕ?”

“ಹೋ, ದಿನಾ ಚಾ ಕುಡೀತಾಳ.”

“ಮುಂಜಾನೆ ಎದ್ದ ಮ್ಯಾಲೆ ಕೀಲು ಎಷ್ಟೊತ್ತು ಬಿಗೀತಾವ?”

“ಬಿಗ್ಯಾಕ ಟೈಮ್ ಎಲ್ಲೈತ್ರಿ? ಐದಕ್ಕ ಎದ್ದು ಚಾಲೂನ!”

ಸಿಸ್ಟರು ನಕ್ಕರು, ಅವರೂ ನಕ್ಕರು, ನಾನೂ ನಕ್ಕೆ. ಕೊನೆಗೆ ಸಿಸ್ಟರು ನನ್ನ ಕಡೆ ತಿರುಗಿ, “ಒಟ್ಟಿನ ಮ್ಯಾಲೆ ಆರಾಮ ಅದೀರಲ್ರಿ ಅಕ್ಕಾರ?” ಎಂದರು.

“ಆರಾಮ ಅದೀನ್ರಿ” ಎಂದೆ.

ಆ ವಾರ ಕ್ಯಾಲೆಂಡರಿನಲ್ಲಿ ಅಂಕಿ ಒಂಬತ್ತಕ್ಕೆ ಇಳಿದಿತ್ತು. ಕುಕ್ಕರಿನ ಮುಚ್ಚಳ ಅತ್ತೆ ತೆಗೆಯುತ್ತಿದ್ದರು. ಆದರೂ ಆರಾಮ ಎಂದೆ, ಯಾಕೆಂದರೆ ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಸತ್ತವರ ಮನೆಗೆ ಹೋದರೂ ಬಾಗಿಲಲ್ಲಿ ಮೊದಲು “ಆರಾಮ ಅದೀರಿ?” “ಆರಾಮ್ರಿ” ಆಗುತ್ತದೆ, ಆಮೇಲೆ ಅಳು. ಅದರಲ್ಲೂ ಗಂಡ ಪಕ್ಕದಲ್ಲಿ ನಿಂತು ಚೆನ್ನಾಗಿದ್ದಾಳೆ ಎಂದ ಮೇಲೆ, ನಾಲ್ಕು ಜನರ ಎದುರು “ಇಲ್ಲ, ಚೆನ್ನಾಗಿಲ್ಲ” ಎನ್ನುವ ಬಾಯಿ ನನಗಿರಲಿಲ್ಲ. ತಪ್ಪು ನನ್ನದೂ ಹೌದು.

ಹಾಳೆಯಲ್ಲಿ ಎಲ್ಲ ಚೆನ್ನಾಗಿತ್ತು. ರಕ್ತದಲ್ಲೂ ಅಂಥ ದೋಷ ಕಾಣಲಿಲ್ಲ. ಡಾಕ್ಟರು ಸಂತೋಷದಿಂದ ಗುಳಿಗೆ ಅರ್ಧ ಮಾಡಿದರು. ಎರಡು ತಿಂಗಳೊಳಗೆ ರೊಟ್ಟಿ ಆರಕ್ಕೆ ಬಂತು, ಮೂರಕ್ಕೆ ಬಂತು. ಒಂದು ಬೆಳಿಗ್ಗೆ ಹಿಟ್ಟಿನ ಮೇಲೆ ಅಂಗೈ ಇಟ್ಟೆ, ಎತ್ತಲಾಗಲಿಲ್ಲ. ಎರಡು ಬೆರಳು ಒಳಗೆ ಮಡಚಿಕೊಂಡು ಕೂತವು. ಆ ದಿನದ ಮೂಲೆಯಲ್ಲಿ ಸೊನ್ನೆ ಬರೆದದ್ದು ನಾನಲ್ಲ, ಅತ್ತೆ. ಪೆನ್ನು ಹಿಡಿಯಲು ನನಗೆ ಬರಲಿಲ್ಲ. ಅವರಿಗೆ ಅಕ್ಷರ ಬರುವುದಿಲ್ಲ. ಸೊನ್ನೆ ಬರುತ್ತದೆ.

ಅವತ್ತು ಮಧ್ಯಾಹ್ನ ಯಜಮಾನರು ಅಂಗಡಿ ಮುಚ್ಚಿ ಓಡಿ ಬಂದರು. ನಾನು ಅವರನ್ನು ಬಿಡಲಿಲ್ಲ.

“ಆ ಹಾಳಿ ಮ್ಯಾಲೆ ಎಲ್ಲಾ ಹೌದು, ಎಲ್ಲಾ ಬರ್ತದ ಅಂತ ಹಾಕಿದ್ರಿ. ಕುಕ್ಕರ್ ಯಾರು ತಗೀತಾರ ಅಂತ ಒಂದ ಸಲ ಕೇಳಿದ್ರೇನು?”

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಮಂದಿ ಮುಂದ ನನ್ನ ಹೇಣ್ತಿ ಕೈಲೆ ಏನೂ ಆಗೂದಿಲ್ಲ ಅಂತ ಹ್ಯಾಂಗ ಹೇಳ್ಲಿ, ಸುವರ್ಣಾ? ನಾಲಿಗಿ ಏಳ್ಲಿಲ್ಲ.”

ಈ ಮಾತಿಗೆ ಸಿಟ್ಟು ಮಾಡುವುದೋ ಅಳುವುದೋ ತಿಳಿಯಲಿಲ್ಲ. ಅವರು ಸುಳ್ಳು ಬರೆದಿರಲಿಲ್ಲ, ನನ್ನ ಮಾನ ಕಾದಿದ್ದರು. ಹಾಗೆ ಕಾದ ಮಾನಕ್ಕೆ ಎರಡು ಬೆರಳು ಹೋದವು.

ಮರುದಿನ ಗೋಡೆಯ ಕ್ಯಾಲೆಂಡರನ್ನೇ ಇಳಿಸಿ, ಸುರುಳಿ ಸುತ್ತಿ, ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಕಂಬಿ ಹಿಡಿಯಲು ಬಾರದೆ ಮೊಣಕೈಯಿಂದ ತಬ್ಬಿ ನಿಂತಿದ್ದೆ. ಕಂಡಕ್ಟರು ನೋಡಿ, “ಯಕ್ಕಾ, ಇಲ್ಲಿ ಕುಂಡ್ರ ಬಾ” ಎಂದು ತಮ್ಮ ಸೀಟು ಬಿಟ್ಟರು. ಅಂಥವರೂ ಇದ್ದಾರೆ.

ಡಾಕ್ಟರ್ ವೀಣಾ ಮೇಜಿನ ಮೇಲೆ ಕ್ಯಾಲೆಂಡರ್ ಬಿಚ್ಚಿ ತಿಂಗಳು ತಿಂಗಳು ಹಿಂದೆ ತಿರುವಿದರು. ಒಂದು ಕಡೆ ಆ ಹಾಳೆ, ಇನ್ನೊಂದು ಕಡೆ ನನ್ನ ಅಂಕಿಗಳು. ಹಾಳೆ ಬರೆದ ವಾರದ ಮೇಲೆ ಅವರ ಬೆರಳು ನಿಂತಿತು.

“ಇದು ನಂಗ ಆವತ್ತ ತೋರಿಸಿದ್ರ ಗುಳಿಗಿ ಕಮ್ಮಿ ಮಾಡ್ತಿದ್ದಿಲ್ರಿ ಅಕ್ಕಾರ” ಎಂದರು. ಹಾಳೆಯನ್ನು ಪಕ್ಕಕ್ಕೆ ಸರಿಸಿ, “ತಪ್ಪ ನಿಮ್ದಲ್ಲ. ನಾ ಕೇಳಬೇಕಿತ್ತು” ಎಂದರು. ಡಾಕ್ಟರೊಬ್ಬರು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗುಳಿಗೆ ಮತ್ತೆ ಏರಿಸಿ, ಜೊತೆಗೆ ಇನ್ನೊಂದನ್ನು ಬರೆದರು.

ಮುಂದಿನ ಸಲ ಹೋದಾಗ ಅವರೇ ಒಂದು ಸುದ್ದಿ ತೆಗೆದರು. ದೇಶದ ತುಂಬ ಎಲ್ಲ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಯಾವ ಪ್ರಶ್ನೆ ಕೇಳಬೇಕು, ಹೇಗೆ ಕೇಳಬೇಕು ಎಂದು ತೀರ್ಮಾನಿಸಲು ಒಂದು ತಜ್ಞರ ಗುಂಪು ಮಾಡುತ್ತಿದ್ದಾರಂತೆ. ಎಲ್ಲರೂ ಪ್ರತಿಯೊಂದು ಪ್ರಶ್ನೆಗೂ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುವುದು; ಒಂದು ಅಂದರೆ ಬೇಡ, ಒಂಬತ್ತು ಅಂದರೆ ಬೇಕೇ ಬೇಕು. ಆಮೇಲೆ ಉಳಿದವರು ಎಷ್ಟು ಕೊಟ್ಟರು ಎಂದು ನೋಡಿ, ಬೇಕಾದರೆ ತಮ್ಮ ಅಂಕ ಬದಲಿಸುವುದು. ಹೀಗೆ ಎರಡು ಸುತ್ತು, ಕೊನೆಗೊಂದು ಸಭೆ ಆಗಿ ಬಹುಪಾಲು ಜನ ಒಪ್ಪಿದ್ದು ಉಳಿಯುತ್ತದೆ. ಗುಂಪಿನಲ್ಲಿ ಕೆಲವು ರೋಗಿಗಳೂ ಇರಬೇಕು. “ನೀವು ಬರ್ತೀರೇನು?”

ಮನೆಯಲ್ಲಿ ಹೇಳಿದೆ. ಯಜಮಾನರು, “ಅಲ್ಲೆಲ್ಲ ದಿಲ್ಲಿ ಡಾಕ್ಟರು ಇರ್ತಾರ. ನೀ ಅವರ ನಡುವ ಏನ ಮಾತಾಡ್ತಿ?” ಎಂದರು. ಹೀಯಾಳಿಸಿ ಅಲ್ಲ, ಗಾಬರಿಯಿಂದ. ಉತ್ತರ ಕೊಟ್ಟದ್ದು ಪಡಸಾಲೆ.

“ಕೈ ಅಕೀದು, ನೋವು ಅಕೀದು. ಅಕಿ ಮಾತಾಡದ ಇನ್ನ್ಯಾರ ಮಾತಾಡಬೇಕು, ನಿನ್ನ ಮೋಟಾರೇನು?”

ಮೊದಲ ಸುತ್ತಿನ ಪ್ರಶ್ನೆಗಳು ಮೊಬೈಲಿಗೆ ಬಂದವು. ಕನ್ನಡಕ್ಕೆ ಯಾರು ಇಳಿಸಿದ್ದರೋ! “ನೀವು ಸ್ನಾನದ ತೊಟ್ಟಿಯ ಒಳಗೆ ಹೋಗಿ ಹೊರಗೆ ಬರಬಲ್ಲಿರಾ?” ಎಂದಿತ್ತು. ತಿಕೋಟಾದಲ್ಲಿ ತೊಟ್ಟಿ ಇರುವುದು ಎಮ್ಮೆಗಳಿಗೆ. ಬಬಲೇಶ್ವರದಿಂದ ಫೋನಿನಲ್ಲಿ, ಕನ್ನಡದ ಕೆಳಗಿದ್ದ ಇಂಗ್ಲಿಷ್ ಓದಿ ಅರ್ಥ ಹೇಳುತ್ತಿದ್ದ ಅಶ್ವಿನಿ ನಗು ತಡೆಯಲಾರದೆ, “ಯವ್ವಾ, ಒಂದ ಅಂಕ ಹಾಕಿ ಮುಂದ ನಡಿ” ಎಂದಳು. ಕಾರಿನೊಳಗೆ ಹತ್ತುವುದು, ಅಂಗಿಯ ಗುಂಡಿ, ಕತ್ತರಿಯಿಂದ ಕಾಗದ ಕತ್ತರಿಸುವುದು ಎಲ್ಲ ಇದ್ದವು. ಕೂತು ಹಿಟ್ಟು ನಾದುವುದು, ಬಸ್ಸಿನ ಕಂಬಿ ಹಿಡಿಯುವುದು, ಒದ್ದೆ ಸೀರೆ ಹಿಂಡುವುದು ಎಲ್ಲೂ ಇರಲಿಲ್ಲ.

ಕೊನೆಯಲ್ಲಿ ನಮ್ಮದೇ ಸಲಹೆ ಬರೆಯಲು ಜಾಗ ಬಿಟ್ಟಿದ್ದರು. ನಾನು ಎರಡು ಬರೆದೆ. ಒಂದು, ರೋಗಿ ದಿನವೂ ಮಾಡುವ ಕೈಕೆಲಸ ಯಾವುದೆಂದು ಅವರನ್ನೇ ಕೇಳಿ, ಅದು ಈಗ ಎಷ್ಟಾಗುತ್ತದೆ ಎಂದು ಬರೆದುಕೊಳ್ಳಬೇಕು. ಎರಡನೆಯದು ನನ್ನ ಬೆರಳಿನ ಮಾತು. ರೋಗಿಯನ್ನು ಒಬ್ಬರನ್ನೇ ಕೂರಿಸಿ ಕೇಳಬೇಕು. ಬೇರೆಯವರು ಉತ್ತರಿಸಿದರೆ, ಉತ್ತರಿಸಿದವರು ಯಾರು ಎಂದು ಹಾಳೆಯ ಮೇಲೆ ಬರೆಯಬೇಕು.

ಎರಡನೇ ಸುತ್ತಿನಲ್ಲಿ ನನ್ನ ಸಲಹೆಗಳೂ ಪಟ್ಟಿ ಸೇರಿ ಬಂದವು. ನನ್ನ ಅಂಕದ ಪಕ್ಕ ಉಳಿದವರ ಅಂಕ ಕಾಣುತ್ತಿತ್ತು. ನಾನು ಒಂಬತ್ತು ಕೊಟ್ಟಲ್ಲಿ ಹೆಚ್ಚಿನವರು ಮೂರು, ನಾಲ್ಕು. ಕೆಳಗೆ ಹೆಸರಿಲ್ಲದ ಟಿಪ್ಪಣಿಗಳು. ‘ಇದು ಸ್ಥಳೀಯ ವಿಷಯ, ರಾಷ್ಟ್ರೀಯ ಪಟ್ಟಿಗೆ ಹೊಂದುವುದಿಲ್ಲ’ ಎಂದು ಒಬ್ಬರು. ‘ಜೊತೆಗೆ ಬಂದವರನ್ನು ಹೊರಗೆ ಕಳಿಸುವಷ್ಟು ಸಮಯ ಹೊರರೋಗಿ ವಿಭಾಗದಲ್ಲಿ ಎಲ್ಲಿದೆ?’ ಎಂದು ಇನ್ನೊಬ್ಬರು. ಅದರ ಕೆಳಗೆ, ಬಹಳ ಮರ್ಯಾದೆಯ ಭಾಷೆಯಲ್ಲಿ: ನಿಮ್ಮ ಅಂಕವನ್ನು ಬದಲಿಸಲು ಇಚ್ಛಿಸುವಿರಾ?

ಸುಳ್ಳು ಹೇಳುವುದಿಲ್ಲ, ಬೆರಳು ಒಂದು ಸಲ ಆರರ ಮೇಲೆ ಹೋಯಿತು. ಅಷ್ಟು ಓದಿದವರೆಲ್ಲ ನಾಲ್ಕು ಅನ್ನುವಾಗ ನಾನೊಬ್ಬಳು ಒಂಬತ್ತು ಅನ್ನುವುದೆಂದರೆ ಮದುವೆ ಪಂಕ್ತಿಯಲ್ಲಿ ಒಬ್ಬಳೇ ಎದ್ದು ನಿಂತ ಹಾಗೆ. ಮೊಬೈಲನ್ನು ಮಗುಚಿ ಇಟ್ಟೆ. ನಾಳೆ ಆಸ್ಪತ್ರೆಗೆ ಹೋಗುವುದಿತ್ತು, ಬಂದ ಮೇಲೆ ನೋಡಿದರಾಯಿತು ಎಂದುಕೊಂಡೆ.

ಮರುದಿನ ಅದೇ ಹಸಿರು ಕುರ್ಚಿಯ ಸಾಲಿನಲ್ಲಿ ನನ್ನ ಪಕ್ಕ ಹೊನವಾಡದ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಲಕ್ಕವ್ವ. ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವವಳು. ಜೊತೆಗೆ ಬಂದ ಮೈದುನ ಹಾಳೆ ತುಂಬುತ್ತಿದ್ದ.

“ಆರಾಮ ಅದೀ ಏನವಾ?” ಎಂದು ಕೇಳಿದೆ.

“ಆರಾಮ ಅದೀನ್ರಿ ಯಕ್ಕಾ.”

ಮೈದುನ ಮೇಲೆ ನೋಡದೆ, “ಇಕಿಗೇನಾಗೇತ್ರಿ, ಗಟ್ಟಿ ಅದಾಳ. ಬರೇ ಕೈ ನೋವಂತ” ಎಂದ. ಹಾಳೆ ಮುಗಿಸಿ ಕೌಂಟರಿಗೆ ಕೊಡಲು ಎದ್ದುಹೋದ. ಕುರ್ಚಿಯ ಸಾಲು ಅಲುಗಿತು. ಲಕ್ಕವ್ವ ಸೆರಗಿನೊಳಗಿಂದ ಬಲಗೈ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಹೆಬ್ಬೆರಳಿನ ಬುಡ ನಿಂಬೆಹಣ್ಣಿನಷ್ಟು ಊದಿತ್ತು.

“ಕತ್ತರಿ ಹಿಡ್ಯಾಕ ಬರವಲ್ದು, ಯಕ್ಕಾ. ಎಲ್ಲಾರೂ ಮೂರ ಸಾಲ ಮುಗಸ್ತಾರ, ನಂದ ಒಂದೂ ಆಗೂದಿಲ್ಲ. ಇವಗ ಹೇಳಿದ್ರ ಮನ್ಯಾಗ ಕುಂಡ್ರು ಅಂತಾನ. ಮನ್ಯಾಗ ಕುಂತ್ರ ನನ್ನ ಯಾರ ಕೇಳ್ತಾರ?”

“ಒಳಗ ಡಾಕ್ಟರಿಗೆ ಹೇಳು.”

“ಅಂವಾನೂ ಒಳಗ ಬರ್ತಾನಲ್ಲ.”

ಮೈದುನ ವಾಪಸು ಬಂದ. ಕೈ ಸೆರಗಿನೊಳಗೆ ಹೋಯಿತು. ನನಗೆ ಏನು ತಿಳಿಯಿತೋ, ಅವನಿಗೆ, “ತಮ್ಮಾ, ಗೇಟಿನ ಹೊರಗ ಚಾ ಭಾಳ ಚೊಲೋ ಮಾಡ್ತಾರ. ನಮ್ಮ ಪಾಳಿ ಬರಾಕ ಇನ್ನ ತಾಸೈತಿ. ಕುಡ್ದ ಬಾ” ಎಂದೆ. ಅವನು ಹೋದ. ನಿಜವಾಗಿ ಅವಳ ಪಾಳಿ ಮುಂದಿನದೇ ಇತ್ತು. ಲಕ್ಕವ್ವ ಒಬ್ಬಳೇ ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು. ಈ ಸಲ ಕೈ ಸೆರಗಿನ ಹೊರಗೇ ಇತ್ತು.

ಅವತ್ತು ಮನೆಗೆ ಬಂದು ಸೀರೆ ಸಹ ಬದಲಿಸದೆ ಮೊಬೈಲ್ ತೆಗೆದೆ. ಒಂಬತ್ತು ಒಂಬತ್ತಾಗಿಯೇ ಉಳಿಯಿತು.

ಕೊನೆಯ ಸಭೆ ವಿಡಿಯೋದಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ. ಅಡುಗೆಮನೆಯಲ್ಲಿ ಮಾತ್ರ ಸಿಗ್ನಲ್ ಸರಿಯಾಗಿ ಬರುವುದರಿಂದ ಹಿಟ್ಟಿನ ಡಬ್ಬಿಗೆ ಮೊಬೈಲ್ ಒರಗಿಸಿ ಕೂತೆ. ಡಾಕ್ಟರ್ ವೀಣಾ ವಿಜಯಪುರದಿಂದ ನನ್ನ ಮಾತನ್ನು ಇಂಗ್ಲಿಷಿಗೆ, ಅವರ ಮಾತನ್ನು ಕನ್ನಡಕ್ಕೆ ಹೇಳುತ್ತಿದ್ದರು. ಯಜಮಾನರು ಅಂದು ಅಂಗಡಿಗೆ ಹೋಗದೆ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಒಲೆಯ ಪಕ್ಕ, ಮೊಬೈಲಿಗೆ ಕಾಣದ ಹಾಗೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಮೊದಲ ಸಲಹೆಗೆ ಬಹಳ ತಂಟೆಯಾಗಲಿಲ್ಲ. ಪಂಜಾಬಿನ ಒಬ್ಬ ರೋಗಿ ನನಗಿಂತ ಮೊದಲೇ ಎದ್ದು, ತನಗೆ ತನ್ನ ಎಮ್ಮೆಯ ಹಾಲು ಕರೆಯುವುದೇ ಅಳತೆ ಎಂದುಬಿಟ್ಟಳು. ಆಮೇಲೆ ಒಬ್ಬ ಹಿರಿಯ ಡಾಕ್ಟರು, ತಾವೇ ಈ ಕಾಯಿಲೆಯವರಂತೆ, ತಮಗೆ ಪೆನ್ನಿನ ಮುಚ್ಚಳ ತೆಗೆಯುವುದು ಅಳತೆ ಎಂದರು. ಆಮೇಲೆ ಸ್ಥಳೀಯ ವಿಷಯ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಎರಡನೆಯದಕ್ಕೆ ಜಗಳ. ಸಭೆ ನಡೆಸುತ್ತಿದ್ದವರು ಸಮಾಧಾನದ ದನಿಯಲ್ಲಿ ಕೇಳಿದರು. “ಕೆಲವರಿಗೆ ಓದಲು ಬರುವುದಿಲ್ಲ. ಕೆಲವರು ಮಾತಾಡಲಾರದಷ್ಟು ಸೋತಿರುತ್ತಾರೆ. ಮನೆಯವರು ಪ್ರೀತಿಯಿಂದಲೇ ಬಂದಿರುತ್ತಾರೆ. ಅವರ ಮಾತನ್ನು ನಂಬಬಾರದು ಎನ್ನುತ್ತೀರಾ?”

ಬಾಗಿಲ ಕಡೆ ನೋಡಿದೆ. ಯಜಮಾನರು ನೆಲ ನೋಡುತ್ತಿದ್ದರು. ನಾನು ಬಲಗೈ ಎತ್ತಿ ಮೊಬೈಲಿನ ಕಣ್ಣಿಗೆ ಹಿಡಿದೆ.

“ನಂಬ್ರಿ. ಆದ್ರ ಯಾರ ಮಾತು ಅಂತ ಬರೀರಿ. ಗಂಡ ಹೇಳೂ ಆರಾಮ ಬ್ಯಾರೆ, ಹೇಣ್ತಿ ಹೇಳೂ ಆರಾಮ ಬ್ಯಾರೆ. ನಮ್ಮನಿಯವರು ಕೆಟ್ಟವರಲ್ರಿ. ನನ್ನ ಮ್ಯಾಲೆ ಜೀವಾ ಇಟ್ಟಾರ. ಆ ಜೀವಾ ಹಾಳಿ ಮ್ಯಾಲೆ ಬರದಾರ. ನೀವು ಅದನ್ನ ನನ್ನ ಕೈ ಅಂತ ಓದೀರಿ. ಈ ಎರಡ ಬಟ್ಟು ನೋಡ್ರಿ. ಇವು ಹಂಗ ಓದಿದ್ದಕ್ಕ ಬಾಗ್ಯಾವ.”

ಡಾಕ್ಟರ್ ವೀಣಾ ಇದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ಹೇಳಿದರು. ಯಾರೋ ಮತ್ತೆ ಸಮಯದ ಮಾತು ತೆಗೆದರು. ಒಬ್ಬೊಬ್ಬ ರೋಗಿಗೂ ಬೇರೆ ಕೂರಿಸಿ ಕೇಳಲು ಎಷ್ಟು ನಿಮಿಷ ಬೇಕು? ನಾನು ಬಾಯಿ ತೆರೆಯುವುದರೊಳಗೆ ಒಲೆಯ ಕಡೆಯಿಂದ ಅತ್ತೆ ಜೋರಾಗಿ,

“ಒಂದ ರೊಟ್ಟಿ ಬೇಯೂವಷ್ಟು!” ಎಂದರು.

ವೀಣಾ ಅದನ್ನೂ ಇಂಗ್ಲಿಷಿಗೆ ಹೇಳಿದರು. ನಗುವುದು ಕೇಳಿಸಿತು. ಆದರೆ ನಗುವುದು ಬೇರೆ, ಒಪ್ಪುವುದು ಬೇರೆ ಎಂದು ನನಗೆ ಆಗಲೇ ಗೊತ್ತಿತ್ತು.

ತೀರ್ಮಾನ ಎರಡು ವಾರಕ್ಕೆ ಬಂತು. ಅಶ್ವಿನಿ ಫೋನಿನಲ್ಲಿ ಓದಿದಳು. ದಿನದ ಕೈಕೆಲಸದ ಪ್ರಶ್ನೆಗೆ ಒಪ್ಪಿಗೆ ಆಗಿದೆ. ಉತ್ತರಿಸಿದವರು ಯಾರು ಎಂದು ಗುರುತು ಹಾಕುವ ಚೌಕ ಹಾಳೆಯ ತಲೆಯ ಮೇಲೆ ಬರುತ್ತದೆ, ಅದಕ್ಕೂ ಒಪ್ಪಿಗೆ, ಕೂದಲೆಳೆಯ ಅಂತರದಲ್ಲಿ. ರೋಗಿಯನ್ನು ಒಬ್ಬರನ್ನೇ ಕೂರಿಸಿ ಕೇಳಬೇಕು ಎಂಬುದಕ್ಕೆ ಒಮ್ಮತವಾಗಿಲ್ಲ, ಕೈಬಿಡಲಾಗಿದೆ.

“ಬಿಡವಾ, ಮೂರರಾಗ ಎರಡ ಬಂತಲ್ಲ” ಎಂದಳು ಮಗಳು.

ಬಿಡಲಿಲ್ಲ. ಅವಳಿಂದಲೇ ಒಂದು ಪತ್ರ ಬರೆಸಿ ಕಳಿಸಿದೆ. ಎಲ್ಲರೂ ಒಪ್ಪಿದರು ಎಂದು ನಿಮ್ಮ ವರದಿಯಲ್ಲಿ ಬರೆಯಬೇಡಿ. ತಿಕೋಟಾದ ಒಬ್ಬಳು ರೋಗಿ ಒಪ್ಪಿಲ್ಲ, ಮುಂದೆಯೂ ಒಪ್ಪುವುದಿಲ್ಲ ಎಂದು ಬರೆಯಿರಿ. ನಿಮ್ಮ ಭಿನ್ನಾಭಿಪ್ರಾಯವನ್ನು ದಾಖಲಿಸಲಾಗಿದೆ ಎಂದು ಉತ್ತರ ಬಂತು. ಆ ಕಾಗದವನ್ನು ಕ್ಯಾಲೆಂಡರಿನ ಮೊಳೆಗೇ ಚುಚ್ಚಿದ್ದೇನೆ.

ಅವರು ಕೈಬಿಟ್ಟದ್ದನ್ನು ನಾನು ಕೈಬಿಟ್ಟಿಲ್ಲ. ತಪಾಸಣೆಯ ದಿನ ಹಸಿರು ಕುರ್ಚಿಯಲ್ಲಿ ಕೂತು ಗಂಡಂದಿರನ್ನು, ಮೈದುನಂದಿರನ್ನು, ಮಕ್ಕಳನ್ನು ಚಹಾಕ್ಕೆ ಕಳಿಸುತ್ತೇನೆ. ಕಳ್ಳಕವಟಗಿಯ ಒಬ್ಬ ಮುದುಕ ತನ್ನ ಸೊಸೆಯನ್ನು ತಾನೇ ಚಹಾಕ್ಕೆ ಕಳಿಸಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಗೇಟಿನ ಹೊರಗಿನ ಚಹಾದವನು ಈಗ ನನ್ನನ್ನು ಕಂಡರೆ ಕೈ ಮುಗಿಯುತ್ತಾನೆ.

ಹೋದ ತಿಂಗಳು ಹೊಸ ಹಾಳೆ ಬಂತು, ಸದ್ಯಕ್ಕೆ ಪರೀಕ್ಷೆಗೆ ಎಂದು. ಮೇಲುಗಡೆ ಎರಡು ಚೌಕ: ರೋಗಿ, ಜೊತೆಗೆ ಬಂದವರು. ಯಜಮಾನರ ಕೈ ರೂಢಿಯಂತೆ ಪೆನ್ನಿನ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಪೆನ್ನು ನನ್ನ ಕೈಗೆ ಇಟ್ಟು ಎದ್ದರು.

“ನಾ ಚಾ ಕುಡ್ದ ಬರ್ತೀನಿ” ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, “ಕುಕ್ಕರಿಂದೂ ಹೇಳು” ಎಂದರು.

ಬಲಗೈಯ ಉಳಿದ ಮೂರು ಬೆರಳಿನಿಂದ ಪೆನ್ನು ಹಿಡಿದು, ನಿಧಾನವಾಗಿ, ‘ರೋಗಿ’ ಎಂಬ ಚೌಕದಲ್ಲಿ ಗುರುತು ಹಾಕಿದೆ. ಗೆರೆ ಸೊಟ್ಟಗೆ ಬಂತು. ಕೌಂಟರಿನ ಸಿಸ್ಟರು ಅದೇ ಹಳೆಯ ಸಿಸ್ಟರು, ಅದೇ ನಗು.

“ಆರಾಮ ಅದೀರೇನ್ರಿ ಅಕ್ಕಾರ?”

“ಹತ್ತ ರೊಟ್ಟಿಯಷ್ಟು ಆರಾಮ ಅದೀನ್ರಿ” ಎಂದೆ. “ಹದಿನಾಕರಷ್ಟಲ್ಲ. ಹತ್ತು ಅಂತನ ಬರ್ಕೋರಿ.”